ಬಿ.ಎಸ್ಸಿ. ನರ್ಸಿಂಗ್, ಜಿಎನ್‌ಎಂ, ಎಎನ್‌ಎಂ: ಮಲೆನಾಡಿನ ಮನೆಗೆ ಯಾವುದು ಹೊಂದುತ್ತದೆ?

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಮೊಬೈಲಿಗೆ ಬಿಡುವಿರುವುದಿಲ್ಲ. ಮೊನ್ನೆ ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕರೆ ಮಾಡಿ, "ಅಕ್ಕಾ, ಮಗಳಿಗೆ ನರ್ಸಿಂಗ್ ಎಂದು ತೀರ್ಮಾನವಾಗಿದೆ. ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ನೀವೇ ಹೇಳಿಬಿಡಿ" ಎಂದರು. ಮಗಳ ಕೈಗೆ ಫೋನು ಕೊಡಿ ಎಂದೆ. ಅವಳು ಮುಜುಗರವಿಲ್ಲದೆ ಕೇಳಿದಳು: "ಅತ್ತೆ, ಇಂಜೆಕ್ಷನ್ ಹಾಕುವುದನ್ನು ಕಲಿಯಲು ನಾಲ್ಕು ವರ್ಷ ಯಾಕೆ ಬೇಕು? ಅಷ್ಟು ದಿನ ಏನು ಓದಿಸುತ್ತಾರೆ?"

ಇಷ್ಟು ವರ್ಷದಲ್ಲಿ ಯಾವ ಅಪ್ಪನೂ ಕೇಳದ ಪ್ರಶ್ನೆ ಅದು. ಶುಲ್ಕ ಕೇಳುತ್ತಾರೆ, ಹಾಸ್ಟೆಲ್ ಕೇಳುತ್ತಾರೆ, ಸಂಬಳ ಕೇಳುತ್ತಾರೆ. ಓದು ಏನು ಎಂದು ಕೇಳುವುದಿಲ್ಲ. ನಾನು ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಎಂಬ ಮೂರು ವರ್ಷದ ಡಿಪ್ಲೊಮಾ) ಓದಿ, ಆರು ವರ್ಷ ವಾರ್ಡಿನಲ್ಲಿ ದುಡಿದು, ಆಮೇಲೆ ಜಿಎನ್‌ಎಂ ಆದವರಿಗೆಂದೇ ಇರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪದವಿ ಮುಗಿಸಿ ಪಾಠ ಹೇಳುವ ಕೆಲಸಕ್ಕೆ ಬಂದವಳು. ಎರಡೂ ದಡ ಕಂಡಿದ್ದೇನೆ ಎಂಬ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ನನ್ನ ಹತ್ತಿರ ಬಂದವರಿಗೆ ನಾನು ಐದು ಪ್ರಶ್ನೆ ಹಾಕುತ್ತೇನೆ. ಪಿಯುಸಿಯಲ್ಲಿ ಯಾವ ವಿಭಾಗ, ಎಷ್ಟು ಅಂಕ? ಮನೆಗೆ ಮೊದಲ ಸಂಬಳ ಎಷ್ಟು ವರ್ಷದೊಳಗೆ ಬರಬೇಕು? ಶುಲ್ಕ, ಹಾಸ್ಟೆಲ್, ಓಡಾಟ ಎಲ್ಲ ಸೇರಿಸಿ ಎಷ್ಟು ಹೊಂದಿಸಬಲ್ಲಿರಿ? ಹತ್ತು ವರ್ಷದ ನಂತರ ಎಲ್ಲಿರುವ ಆಸೆ: ಊರಿನ ಆರೋಗ್ಯ ಉಪಕೇಂದ್ರದಲ್ಲೋ, ಬೆಂಗಳೂರಿನ ಐಸಿಯುವಿನಲ್ಲೋ, ಪಾಠದ ಕೊಠಡಿಯಲ್ಲೋ, ಜರ್ಮನಿಯಲ್ಲೋ? ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಆ ಕಾಲೇಜಿನ ವಿದ್ಯಾರ್ಥಿಗಳು ಯಾವ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ಕಲಿಯುತ್ತಾರೆ? ಮೊದಲ ನಾಲ್ಕಕ್ಕೆ ಉತ್ತರ ನಿಮ್ಮ ಜಗುಲಿಯಲ್ಲೇ ಸಿಗುತ್ತದೆ. ಐದನೆಯದಕ್ಕೆ ಬಸ್ಸು ಹತ್ತಿ ಹೋಗಿ ನೋಡಬೇಕು.

ಮೊದಲ ಪ್ರಶ್ನೆಯಲ್ಲೇ ಕೆಲವರ ದಾರಿ ತೀರ್ಮಾನವಾಗಿಬಿಡುತ್ತದೆ. ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಇಂಗ್ಲಿಷ್ ಪಾಸಾಗಿರಬೇಕು. ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ 45 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40. ಗಣಿತದ ಅಗತ್ಯವಿಲ್ಲ. ಸರ್ಕಾರಿ ಸೀಟು ಬೇಕಾದರೆ ಸಿಇಟಿ ಬರೆದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚಿಕೆಯ ಮೂಲಕವೇ ಹೋಗಬೇಕು. ಜಿಎನ್‌ಎಂಗೆ ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ಒಟ್ಟು ಶೇ 40 ಅಂಕವಿದ್ದು ಇಂಗ್ಲಿಷ್‌ನಲ್ಲೂ ಶೇ 40 ಬಂದಿದ್ದರೆ ಸಾಕು, ವಿಜ್ಞಾನದವರಿಗೆ ಆದ್ಯತೆ ಅಷ್ಟೆ. ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಎರಡು ವರ್ಷದ ಓದು, ಹೆಣ್ಣುಮಕ್ಕಳಿಗೆ ಮಾತ್ರ. ಮೂರಕ್ಕೂ 17 ವರ್ಷ ತುಂಬಿರಬೇಕು.

ನಾಲ್ಕು ವರ್ಷ ಓದುವುದೇನು

ಈಗಿರುವ ಬಿ.ಎಸ್ಸಿ. ಪಠ್ಯಕ್ರಮವನ್ನು ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಪರಿಷ್ಕರಿಸಿತು. ವಾರ್ಷಿಕ ಪದ್ಧತಿ ಹೋಗಿ ಎಂಟು ಸೆಮಿಸ್ಟರ್ ಬಂದವು. ನಮ್ಮ ಕಡೆಯ ಕಾಲೇಜುಗಳಿಗೆ ಪರೀಕ್ಷೆ ನಡೆಸಿ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಮೊದಲ ಸೆಮಿಸ್ಟರ್‌ನಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಇಂಗ್ಲಿಷ್ ಇರುತ್ತವೆ. ಜೊತೆಗೆ ನರ್ಸಿಂಗ್ ಫೌಂಡೇಶನ್ ಎಂಬ ವಿಷಯ. ಹೆಸರು ಗಂಭೀರವಾಗಿದ್ದರೂ ಕಲಿಸುವುದು ಕೈ ತೊಳೆಯುವುದನ್ನು, ಹಾಸಿಗೆ ಹಾಸುವುದನ್ನು, ಜ್ವರ, ನಾಡಿ, ರಕ್ತದೊತ್ತಡ ನೋಡುವುದನ್ನು. ರೋಗಿ ಮಲಗಿರುವಾಗಲೇ ಹಾಸಿಗೆಯ ಬಟ್ಟೆ ಬದಲಿಸುವ ಪಾಠ ಒಂದಿದೆ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಬಟ್ಟೆಯನ್ನು ಬೆನ್ನಿನವರೆಗೆ ಸುರುಳಿ ಸುತ್ತಿ, ಹೊಸದರ ಅರ್ಧವನ್ನು ಹಾಸಿ, ಈ ಕಡೆಗೆ ಹೊರಳಿಸಿ, ಆ ಕಡೆಯಿಂದ ಹಳೆಯದನ್ನು ಎಳೆದು ಹೊಸದನ್ನು ಬಿಡಿಸಬೇಕು. ಒಂದು ಸುಕ್ಕೂ ಉಳಿಯಬಾರದು. ಗೊಂಬೆಯ ಮೇಲೆ ಮಾಡುವಾಗ ಮಕ್ಕಳು ನಗುತ್ತಾರೆ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಕೊನೆಗೌಡನೊಬ್ಬ (ಅಡಿಕೆ ಕೊನೆ ಕೊಯ್ಯುವವ) ಎದುರಿಗೆ ಮಲಗಿದ್ದಾಗ ಆ ಸುಕ್ಕೇ ಹುಣ್ಣಾಗುವುದನ್ನು ಕಂಡ ಮೇಲೆ ನಗುವುದಿಲ್ಲ.

ಎರಡನೆಯದರಲ್ಲಿ ಜೀವರಸಾಯನ, ಪೋಷಣೆ ಮತ್ತು ಪಥ್ಯ, ಆಸ್ಪತ್ರೆಯ ಕಂಪ್ಯೂಟರ್ ದಾಖಲೆಗಳ ಪಾಠ. ಮೂರು ಮತ್ತು ನಾಲ್ಕರಲ್ಲಿ ಓದು ಬಿಗಿಯಾಗುತ್ತದೆ: ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ, ರೋಗಶಾಸ್ತ್ರ, ವಯಸ್ಕರ ಶುಶ್ರೂಷೆ. ಹೆಚ್ಚಿನವರು ಎಡವುವುದು ಇಲ್ಲೇ. ಗಣಿತ ಬಿಟ್ಟು ಬಂದೆವು ಎಂದು ನಿಟ್ಟುಸಿರು ಬಿಟ್ಟವರಿಗೆ ಇಲ್ಲಿ ಲೆಕ್ಕ ಕಾದಿರುತ್ತದೆ. ವೈದ್ಯರು 500 ಮಿಲಿಲೀಟರ್ ದ್ರವವನ್ನು ಎಂಟು ಗಂಟೆಯಲ್ಲಿ ಹೋಗುವಂತೆ ಬರೆದಿದ್ದಾರೆ ಎನ್ನಿ. ಕೈಯಲ್ಲಿರುವ ಡ್ರಿಪ್ ಸೆಟ್ ಒಂದು ಮಿಲಿಲೀಟರಿಗೆ 20 ಹನಿ ಬೀಳಿಸುವಂಥದ್ದು. ಒಟ್ಟು 10,000 ಹನಿ, 480 ನಿಮಿಷ. ನಿಮಿಷಕ್ಕೆ ಸುಮಾರು 21 ಹನಿ. ಗಡಿಯಾರ ನೋಡುತ್ತಾ ಹನಿ ಎಣಿಸಿ ಚಕ್ರ ತಿರುಗಿಸಬೇಕು. ಹೃದಯ ಸೋತ ಅಜ್ಜನಿಗೆ ಅದೇ ಬಾಟಲಿ ಎರಡು ಗಂಟೆಯಲ್ಲಿ ಖಾಲಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಇಂಜೆಕ್ಷನ್ ಚುಚ್ಚುವ ಕೈಚಳಕ ವಾರದಲ್ಲಿ ಬರುತ್ತದೆ. ಎಷ್ಟು, ಯಾವಾಗ, ಏನನ್ನು ನೋಡಿ ನಿಲ್ಲಿಸಬೇಕು ಎಂಬುದಕ್ಕೆ ವರ್ಷಗಳು ಬೇಕು. ಹೊಸನಗರದ ಹುಡುಗಿಗೆ ನಾನು ಕೊಟ್ಟ ಉತ್ತರವೂ ಇದೇ.

ಐದರಿಂದ ಏಳರವರೆಗೆ ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಪ್ರಸೂತಿ ಮತ್ತು ಸೂಲಗಿತ್ತಿ ವಿದ್ಯೆ, ಆಡಳಿತ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ. ವಿಧಿವಿಜ್ಞಾನ ಶುಶ್ರೂಷೆ ಮತ್ತು ಕಾನೂನಿನ ಪರಿಚಯವೂ ಈಗ ಸೇರಿದೆ. ವಿಷ ಕುಡಿದು ಬಂದವರ ಬಟ್ಟೆಯನ್ನು ಒಗೆಯಲು ಹಾಕಬಾರದು, ಸಾಕ್ಷ್ಯವೆಂದು ತೆಗೆದಿಡಬೇಕು ಎಂಬಂಥ ವಿಷಯಗಳನ್ನು ನಮ್ಮ ಕಾಲದಲ್ಲಿ ಬೈಸಿಕೊಂಡು ಕಲಿತೆವು, ಇವರು ಓದಿ ಕಲಿಯುತ್ತಾರೆ. ಎಂಟನೆಯ ಸೆಮಿಸ್ಟರ್ ಇಂಟರ್ನ್‌ಶಿಪ್.

ಸಮುದಾಯ ಆರೋಗ್ಯದ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಬೇರೆ ಊರಿನವರಿಗೆ ಮಂಗನ ಕಾಯಿಲೆ ಪಠ್ಯದಲ್ಲಿ ಬರುವ ನಾಲ್ಕು ಸಾಲು. ಅದನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ಇನ್ನೂ ಯಾರಿಗೂ ಮರೆತಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ತರಗೆಲೆ ತರಲು ಕಾಡಿಗೆ ಹೋಗುವವರಿಗೆ ಈ ಕಾಯಿಲೆ ಹರಡುವ ಉಣುಗಿನಿಂದ ಕಾಪಾಡಿಕೊಳ್ಳುವ ಎಣ್ಣೆ ಹಂಚುವುದು, ಮಂಗ ಸತ್ತು ಬಿದ್ದರೆ ಮುಟ್ಟದೆ ತಿಳಿಸಿ ಎನ್ನುವುದು, ಜ್ವರ ಬಂದವರ ಮನೆ ಮನೆಗೆ ಹೋಗುವುದು ಎಲ್ಲವೂ ಸಮುದಾಯ ಆರೋಗ್ಯದ ಕೆಲಸವೇ. ಮಳೆಗಾಲದ ಇಲಿಜ್ವರ, ತೋಟದ ಹಾವು ಕಡಿತವೂ ಅಷ್ಟೆ. ಹಾವು ಕಡಿತದ ಪ್ರಕರಣವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಕರ್ನಾಟಕ 2024ರಲ್ಲಿ ನಿಯಮ ತಂದಿದೆ. ಇದನ್ನೆಲ್ಲ ಮಲೆನಾಡಿನಲ್ಲಿ ಕಲಿತವರಿಗೂ ಪಟ್ಟಣದ ಕಟ್ಟಡದೊಳಗೆ ಕಲಿತವರಿಗೂ ಇರುವ ವ್ಯತ್ಯಾಸ ಮೊದಲ ರಾತ್ರಿ ಪಾಳಿಯಲ್ಲೇ ಗೊತ್ತಾಗುತ್ತದೆ.

ಇಂಗ್ಲಿಷ್‌ಗೆ ಹೆದರುವ ಕನ್ನಡ ಮಾಧ್ಯಮದವರಿಗೆ: ಮೊದಲ ವರ್ಷ ಕಷ್ಟ, ನಿಜ. ಪುಸ್ತಕ, ಪರೀಕ್ಷೆ ಎರಡೂ ಇಂಗ್ಲಿಷ್‌ನಲ್ಲೇ. ಆದರೆ ರೋಗಿ ಮಾತನಾಡುವುದು ಕನ್ನಡವನ್ನು. ಮುದುಕಿಯೊಬ್ಬಳು "ಸಂಕಟ ಆಗುತ್ತದೆ ಮಗಾ" ಎಂದರೆ ಅದು ಎದೆಯದೋ, ಹೊಟ್ಟೆಯದೋ, ಮಗ ಬಂದು ನೋಡಲಿಲ್ಲ ಎಂಬುದೋ? ಇದನ್ನು ಕೇಳಿ ತಿಳಿದು ಕೇಸ್ ಷೀಟಿಗೆ ಇಳಿಸುವುದರಲ್ಲಿ ನಮ್ಮ ಹಳ್ಳಿಯ ಮಕ್ಕಳನ್ನು ಮೀರಿಸುವವರಿಲ್ಲ.

ಹಾಜರಾತಿಯ ನಿಯಮವನ್ನು ಮನೆಯವರು ತಿಳಿದಿರಲಿ. ವಾರಕ್ಕೆ 40 ಗಂಟೆ ಓದು ಮತ್ತು ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ನಿಂತು ಕಲಿಯುವ ಪಾಳಿ. ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕು. ಆದರೆ ಪದವಿ ಕೈಗೆ ಸಿಗಬೇಕಾದರೆ ಪ್ರತಿ ವಿಭಾಗದ ಆಸ್ಪತ್ರೆ ಪೋಸ್ಟಿಂಗ್ ಶೇ 100 ಮುಗಿದಿರಬೇಕು. ಅಕ್ಕನ ಮದುವೆಗೆ ಎಂದು ತಪ್ಪಿಸಿದ ವಾರವನ್ನು ರಜೆಯಲ್ಲಿ ನಿಂತು ತೀರಿಸಬೇಕಾಗುತ್ತದೆ.

ಜಿಎನ್‌ಎಂ: ಮೂರು ವರ್ಷ, ಹೆಚ್ಚು ವಾರ್ಡು

ಜಿಎನ್‌ಎಂ ಡಿಪ್ಲೊಮಾ. ವಿಶ್ವವಿದ್ಯಾಲಯದ ಬದಲು ರಾಜ್ಯದ ಪರೀಕ್ಷಾ ಮಂಡಳಿ ಪರೀಕ್ಷೆ ನಡೆಸುತ್ತದೆ. ವಿಷಯಗಳ ಹೆಸರು ನೋಡಿದರೆ ಅರ್ಧಕ್ಕಿಂತ ಹೆಚ್ಚು ಬಿ.ಎಸ್ಸಿ.ಯದ್ದೇ: ಫೌಂಡೇಶನ್, ಮೆಡಿಕಲ್ ಸರ್ಜಿಕಲ್, ಮಕ್ಕಳು, ಮಾನಸಿಕ, ಪ್ರಸೂತಿ, ಸಮುದಾಯ. ಮೂಲ ವಿಜ್ಞಾನ, ಔಷಧ, ಸಂಶೋಧನೆಯ ಭಾಗ ತೆಳು. ವಾರ್ಡಿನ ಹೊತ್ತು ದಟ್ಟ, ಕೊನೆಗೆ ಇಂಟರ್ನ್‌ಶಿಪ್ಪೂ ಇದೆ. ಮುಗಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಆಗುವ ನೋಂದಣಿ ಬಿ.ಎಸ್ಸಿ.ಯವರದ್ದೇ: ನೋಂದಾಯಿತ ನರ್ಸ್, ನೋಂದಾಯಿತ ಸೂಲಗಿತ್ತಿ. ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ಮೊದಲ ದಿನ ಇಬ್ಬರೂ ಅದೇ ಟ್ರಾಲಿಯನ್ನೇ ತಳ್ಳುತ್ತಾರೆ.

ಹಾಗಾದರೆ ನಾಲ್ಕನೆಯ ವರ್ಷದ ಬೆಲೆ ಏನು? ಲೆಕ್ಕದ ಅನುಕೂಲಕ್ಕೆ ಅಂಕಿ ಹಿಡಿಯುತ್ತೇನೆ, ನಿಮ್ಮ ಕಾಲೇಜು ಹೇಳಿದ್ದನ್ನು ಆ ಜಾಗದಲ್ಲಿ ಹಾಕಿಕೊಳ್ಳಿ. ಬಿ.ಎಸ್ಸಿ.ಗೆ ಶುಲ್ಕ 80,000, ಹಾಸ್ಟೆಲ್ ಊಟ 60,000 ಎಂದರೆ ವರ್ಷಕ್ಕೆ 1,40,000. ನಾಲ್ಕು ವರ್ಷಕ್ಕೆ 5,60,000. ಜಿಎನ್‌ಎಂಗೆ ಶುಲ್ಕ 60,000, ಹಾಸ್ಟೆಲ್ ಅಷ್ಟೇ ಎಂದರೆ ಮೂರು ವರ್ಷಕ್ಕೆ 3,60,000. ಮೇಲ್ನೋಟಕ್ಕೆ ವ್ಯತ್ಯಾಸ ಎರಡು ಲಕ್ಷ. ಆದರೆ ಜಿಎನ್‌ಎಂನವಳು ನಾಲ್ಕನೆಯ ವರ್ಷ ದುಡಿಯುತ್ತಿರುತ್ತಾಳೆ. ತಿಂಗಳಿಗೆ 15,000 ಎಂದರೂ 1,80,000. ನಿಜವಾದ ವ್ಯತ್ಯಾಸ 3,80,000. ಸಮವಸ್ತ್ರ, ಪರೀಕ್ಷಾ ಶುಲ್ಕ, ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಹೊರ ಊರಿಗೆ ಕಳುಹಿಸಿದರೆ ಆ ಖರ್ಚು ಬೇರೆ.

ಆ ಹಣಕ್ಕೆ ಸಿಗುವುದು ಬಾಗಿಲುಗಳು. ಏಮ್ಸ್‌ನ ನರ್ಸಿಂಗ್ ಅಧಿಕಾರಿ ಪರೀಕ್ಷೆಗೆ ಬಿ.ಎಸ್ಸಿ.ಯವರು ಅನುಭವವಿಲ್ಲದೆ ಕೂರಬಹುದು, ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುವಾಗಲೂ ಪದವಿಗೇ ಬೆಲೆ. ಎಂ.ಎಸ್ಸಿ. ಮಾಡಿ ಪಾಠ ಹೇಳಬೇಕಾದರೆ ಬಿ.ಎಸ್ಸಿ. ಬೇಕೇ ಬೇಕು. ವಿದೇಶಕ್ಕೆ ಎಂದರೆ ಭಾಷೆಯ ಪರೀಕ್ಷೆಯೇ ಮೊದಲ ಗೋಡೆ: ಬ್ರಿಟನ್‌ಗೆ ಇಂಗ್ಲಿಷ್, ಜರ್ಮನಿಗೆ ಜರ್ಮನ್. ಪದವಿ ಅದರ ನಂತರದ ಮಾತು. ಕೊಲ್ಲಿ ದೇಶಗಳು ಕೇಳುವುದು ಹೆಚ್ಚಾಗಿ ಅನುಭವವನ್ನು.

ಜಿಎನ್‌ಎಂ ನಿಂತೇ ಹೋಗುತ್ತದೆ ಎಂದು ಹೆದರಿಸಿ ಬಿ.ಎಸ್ಸಿ. ಸೀಟು ಮಾರುವವರಿದ್ದಾರೆ. ನಿಲ್ಲಿಸುವ ಪ್ರಸ್ತಾಪ ಬಂದು ಹಿಂದೆ ಸರಿದದ್ದೂ ಉಂಟು. ನೋಂದಣಿಯಾದವರ ನೋಂದಣಿಯನ್ನು ಅದರಿಂದ ಯಾರೂ ಕಿತ್ತುಕೊಳ್ಳುವುದಿಲ್ಲ.

ಮೆಟ್ಟಿಲು ಹತ್ತುವ ದಾರಿ

ಜಿಎನ್‌ಎಂ ಮುಗಿಸಿ ನೋಂದಣಿ ಮಾಡಿಸಿಕೊಂಡವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬಹುದು. ನಾನು ಹೋದ ದಾರಿ ಇದು. ಒಟ್ಟು ಐದು ವರ್ಷದ ಓದು, ನೇರ ಬಿ.ಎಸ್ಸಿ.ಗಿಂತ ಒಂದು ವರ್ಷ ಹೆಚ್ಚು. ಆದರೆ ನಡುವೆ ದುಡಿದ ಹಣದಲ್ಲಿ ತಮ್ಮನ ಶುಲ್ಕವೂ ನನ್ನದೂ ಕಟ್ಟಿದೆ. ವಾರ್ಡು ಕಂಡು ಬಂದ ಮೇಲೆ ಔಷಧಶಾಸ್ತ್ರದ ಪುಟ ಓದುವ ರುಚಿಯೇ ಬೇರೆ. ಪ್ರತಿ ಔಷಧಕ್ಕೂ ಒಂದು ಮುಖ ನೆನಪಾಗುತ್ತಿತ್ತು. ತೊಡಕೂ ಇದೆ. ಸಂಬಳದ ರುಚಿ ಹತ್ತಿದ ಮೇಲೆ, ಮದುವೆಯಾದ ಮೇಲೆ, ಮತ್ತೆ ಹಾಸ್ಟೆಲ್ಲಿಗೆ ಹೋಗುವವರು ಕಡಿಮೆ. ನನ್ನ ಜೊತೆಯವರಲ್ಲಿ ಆಮೇಲೆ ಓದುತ್ತೇವೆ ಎಂದವರು ಬಹಳ, ಓದಿದವರು ಬೆರಳೆಣಿಕೆ.

ಎಎನ್‌ಎಂ

ಇದು ಹಳ್ಳಿಗೆಂದೇ ಮಾಡಿದ ಓದು: ಗರ್ಭಿಣಿ, ಬಾಣಂತಿ, ಮಗು, ಲಸಿಕೆ, ಮನೆ ಭೇಟಿ. ಗುಡ್ಡಗಾಡಿನಲ್ಲಿ 3,000 ಜನರಿಗೊಂದು ಉಪಕೇಂದ್ರ ಇರಬೇಕೆಂಬುದು ನಿಯಮ, ಬಯಲಿನಲ್ಲಾದರೆ 5,000. ಕಾಗದದಲ್ಲಿ 3,000 ಕಡಿಮೆ ಎನಿಸುತ್ತದೆ. ಒಂದೊಂದು ಮನೆಗೂ ನಡುವೆ ಗದ್ದೆ, ಹಳ್ಳ, ಗುಡ್ಡ ದಾಟಿ ನೋಡಿ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚಿನ ಹೊತ್ತು ನೋಡಿಕೊಂಡು ಹೆರಿಗೆಗೆ ಹೊರಡಬೇಕಿತ್ತು. ಅಂಥ ಕಡೆ ಊರಿಗೆಲ್ಲ ವೈದ್ಯರೂ ಇವರೇ, ಧೈರ್ಯವೂ ಇವರೇ.

ಆದರೂ ವಿಜ್ಞಾನ ಓದಿದ ಹುಡುಗಿಗೆ ನಾನು ಎಎನ್‌ಎಂ ಹೇಳುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಬೆಳೆಯುವ ಅವಕಾಶ ಕಿರಿದು, ಸರ್ಕಾರಿ ನೇಮಕಾತಿಗಾಗಿ ಕಾಯುವ ಕಾಲ ಉದ್ದ. ಊರಿನಲ್ಲೇ ಇರಬೇಕಾದ ಕಾರಣವಿದ್ದು, ಎರಡು ವರ್ಷಕ್ಕಿಂತ ಹೆಚ್ಚು ಹೊರಗಿರಲು ಆಗದವರಿಗೆ ಮಾತ್ರ ಅದು ಸರಿ.

ನಿಮ್ಮ ಮನೆ ಯಾವುದು?

ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಸರ್ಕಾರಿ ಶುಲ್ಕದ ಸೀಟು ಸಿಕ್ಕರೆ ಯೋಚನೆಯೇ ಬೇಡ, ಬಿ.ಎಸ್ಸಿ. ಅದಕ್ಕಾಗಿ ಹಾಸನ, ಮೈಸೂರಿಗೆ ಹೋಗಬೇಕಾದರೂ ಹೋಗಿ. ಖಾಸಗಿ ಸೀಟೇ ಗತಿ, ಆದರೆ ನಾಲ್ಕು ವರ್ಷ ನಿಭಾಯಿಸಬಲ್ಲಿರಿ ಎಂದಾದರೆ ಆಗಲೂ ಬಿ.ಎಸ್ಸಿ. ಆದರೆ ಮುಂದೆ ಹೇಳುವ ವಾರ್ಡಿನ ಪರೀಕ್ಷೆ ಮುಗಿಸಿಯೇ ಸೇರಿಸಿ. ಕೊಳೆರೋಗಕ್ಕೆ ಅಡಿಕೆ ಫಸಲು ಹೋಗಿ ಸಾಲ ಮೈಮೇಲಿರುವ ಮನೆಗೆ, ಹಿಂದೆ ತಮ್ಮ ತಂಗಿಯರಿರುವ ಮನೆಗೆ ಜಿಎನ್‌ಎಂ ಒಳ್ಳೆಯದು. ಮೂರು ವರ್ಷದ ಮೇಲೆ ಪೋಸ್ಟ್ ಬೇಸಿಕ್‌ಗೆ ಕಳುಹಿಸುತ್ತೇವೆ ಎಂಬ ಮಾತನ್ನು ಮಗಳಿಗೆ ಈಗಲೇ ಕೊಡಿ. ಗಂಡುಮಕ್ಕಳಿಗೂ ಇದೇ ಲೆಕ್ಕ.

ಬ್ಯಾಂಕಿನ ಶಿಕ್ಷಣ ಸಾಲವನ್ನು ಲೇವಾದೇವಿಯವರ ಸಾಲದ ಜೊತೆ ಹೋಲಿಸಬೇಡಿ. 7.5 ಲಕ್ಷದವರೆಗೆ ಆಸ್ತಿ ಅಡವಿಲ್ಲದೆ ಕೊಡುವ ವ್ಯವಸ್ಥೆ ಇದೆ, ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ಮೇಲೆ ಶುರುವಾಗುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಇನ್ನು ಬಸ್ಸು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಎಂದು ಹಾಸ್ಟೆಲ್ ಬೇಡವೆನ್ನುವವರಿದ್ದಾರೆ. ನಮ್ಮ ಘಟ್ಟದ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಬೆಳಗಿನ ಪೋಸ್ಟಿಂಗ್‌ಗೆ ತೀರ್ಥಹಳ್ಳಿಯ ಒಳ ಊರಿನಿಂದ ಆಗುಂಬೆಯ ಮಳೆಯಲ್ಲಿ ಹೊರಟು ತಲುಪುವುದು ಆಗದ ಮಾತು.

ಕಾಲೇಜು ನೋಡುವ ಬಗೆ

ಮೂರು ಕಾಗದ ಕೇಳಿ: ವಿಶ್ವವಿದ್ಯಾಲಯದ ಸಂಯೋಜನೆ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ, ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರು. ಆಮೇಲೆ ಆಸ್ಪತ್ರೆ ಕೇಳಿ. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬುದು ಕೌನ್ಸಿಲ್ ಹಾಕಿದ ಅಳತೆ. ಹಾಸಿಗೆ ಇದ್ದರೆ ಸಾಲದು, ಅದರಲ್ಲಿ ರೋಗಿ ಇರಬೇಕು. ನಾನು ಒಮ್ಮೆ ನೋಡಲು ಹೋದ ಆಸ್ಪತ್ರೆಯೊಂದರಲ್ಲಿ ಹೆರಿಗೆ ಕೋಣೆಯ ಮೇಜಿನ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹೊದಿಕೆಯ ಅಂಗಡಿ ಚೀಟಿಯೂ ಕಿತ್ತಿರಲಿಲ್ಲ. ಕೆಳಗಿನ ಪ್ರವೇಶ ಕಚೇರಿಯಲ್ಲಿ ಮಾತ್ರ ಜನ ತುಂಬಿದ್ದರು.

ಮೂಲ ಅಂಕಪಟ್ಟಿಗಳನ್ನು ಪ್ರವೇಶದ ಪರಿಶೀಲನೆಗೆ ಕೊಟ್ಟರೆ ರಸೀದಿ ಪಡೆಯಿರಿ, ವಾಪಸ್ಸು ಯಾವಾಗ ಎಂದು ಬರೆಸಿಕೊಳ್ಳಿ. ನನ್ನ ಮೊದಲ ಕೆಲಸದಲ್ಲಿ ಮೂಲ ಪ್ರಮಾಣಪತ್ರಗಳನ್ನು ಬೀರುವಿನಲ್ಲಿಟ್ಟುಕೊಂಡು, ಕೆಲಸ ಬಿಡುತ್ತೇನೆಂದಾಗ ಎರಡು ತಿಂಗಳು ಅಲೆಸಿದರು. ಅಂದಿನಿಂದ ಈ ವಿಷಯದಲ್ಲಿ ನನ್ನ ನಾಲಿಗೆ ಒರಟು.

ಪ್ರಾಂಶುಪಾಲರಿಗಿಂತ ಮೂರನೆಯ ವರ್ಷದ ವಿದ್ಯಾರ್ಥಿನಿಯನ್ನು ಮಾತನಾಡಿಸಿ. "ಇದುವರೆಗೆ ಎಷ್ಟು ಹೆರಿಗೆ ನೋಡಿದ್ದೀಯ? ಕಳೆದ ವಾರ ಯಾವ ವಾರ್ಡು?" ಎಂಬ ಎರಡು ಪ್ರಶ್ನೆ ಸಾಕು. ಕೈಬೆರಳಲ್ಲಿ ಎಣಿಸಿ ಹೇಳಿದರೆ ಒಳ್ಳೆಯ ಕಾಲೇಜು. ಪಕ್ಕದವಳ ಮುಖ ನೋಡಿದರೆ ಮುಂದಿನ ಕಾಲೇಜಿಗೆ ನಡೆಯಿರಿ.

ಹೊಸನಗರದ ಅಪ್ಪ ಮಗಳು ಬರುವ ಸೋಮವಾರ ಮೊದಲ ಬಸ್ಸಿಗೆ ಬರುತ್ತಾರೆ. ಸಿಮ್ಸ್‌ಗೆ (ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಸೇರಿದ ಮೆಗ್ಗಾನ್ ಆಸ್ಪತ್ರೆಯ ಗೇಟಿನ ಬಳಿ ನಿಲ್ಲಿ ಎಂದಿದ್ದೇನೆ, ಬೆಳಗಿನ ಡ್ಯೂಟಿ ಬದಲಾಗುವ ಹೊತ್ತಿಗೆ. ರಾತ್ರಿ ಪಾಳಿ ಮುಗಿಸಿ ಹೊರಬರುವವರ ಮುಖವನ್ನೂ ಒಳಹೋಗುವ ವಿದ್ಯಾರ್ಥಿಗಳ ಗುಂಪನ್ನೂ ಅವಳು ಒಟ್ಟಿಗೆ ನೋಡಲಿ. ಕೆಇಎ ಆಯ್ಕೆ ಪಟ್ಟಿಯನ್ನು ಅದಾದ ಮೇಲೆ ತುಂಬಿದರಾಯಿತು. ಅಪ್ಪನಿಗೆ ತಿಂಡಿ ನಮ್ಮ ಮನೆಯಲ್ಲಿ.